ಅಣ್ಣನ ಸ್ಲೈಡುಗಳಲ್ಲಿ ಇದ್ದವರು

ಫ್ರಾಂಕ್‌ಫರ್ಟಿನ ಪಕ್ಕದ ಎಷ್‌ಬಾರ್ನಿನ ಒಂದು ಕಂಪನಿಯಲ್ಲಿ ಸಾಫ್ಟ್‌ವೇರ್ ಟೆಸ್ಟಿಂಗ್ ಕೆಲಸ ಸಿಕ್ಕಿ, ಬ್ಲೂ ಕಾರ್ಡ್ ಎಂಬ ಕೆಲಸದ ಪರವಾನಗಿಯ ಮೇಲೆ ನಾನು ಗಂಡನನ್ನೂ ಮಗಳನ್ನೂ ಕಟ್ಟಿಕೊಂಡು ಜರ್ಮನಿಗೆ ಬಂದಾಗ, ವಿಮಾನ ನಿಲ್ದಾಣದಲ್ಲಿ ನಮಗಾಗಿ ಕಾದಿದ್ದವರು ಒಬ್ಬರೇ. ಅದಕ್ಕೆ ಮೊದಲು ನಾವು ಅವರ ಮುಖ ನೋಡಿದವರಲ್ಲ. ಮೈಸೂರಿನ ಗೆಳತಿಯೊಬ್ಬಳು ಅವರ ನಂಬರು ಕೊಟ್ಟಿದ್ದಳು, ಅಷ್ಟೆ. ಮಂಗಳೂರಿನವರು, ನಮಗಿಂತ ಸಾಕಷ್ಟು ದೊಡ್ಡವರು, ಎಷ್‌ಬಾರ್ನಿನಲ್ಲೇ ಇನ್ನೊಂದು ಕಂಪನಿಯಲ್ಲಿ ಕನ್ಸಲ್ಟೆಂಟ್. ನಮ್ಮ ಸೂಟ್‌ಕೇಸನ್ನು ಕಾರಿಗೆ ಎತ್ತಿ ಹಾಕುತ್ತಾ, "ಎಂತ ತಂಗಿ, ಇಡೀ ಮೈಸೂರನ್ನೇ ತುಂಬಿಸಿ ತಂದದ್ದಾ?" ಎಂದರು. ಆವತ್ತಿನಿಂದ ಅವರು ನಮಗೆ ಅಣ್ಣ.

ಅವರು ನಮಗೆ ಮಾಡಿದ ಉಪಕಾರ ಸಣ್ಣದಲ್ಲ. ವಿಳಾಸ ದಾಖಲಿಸುವ ಆನ್‌ಮೆಲ್ಡುಂಗ್‌ಗೆ ಕಚೇರಿಗೆ ಕರೆದುಕೊಂಡು ಹೋದರು. ಬಾಡಿಗೆ ಮನೆ ನೋಡಲು ಬಂದ ಜನರ ಸಾಲಿನಲ್ಲಿ ನಮ್ಮ ಜೊತೆ ಚಳಿಯಲ್ಲಿ ನಿಂತರು. ಮಗಳಿಗೆ ಜ್ವರ ಬಂದಾಗ ಡಾಕ್ಟರ ಹತ್ತಿರ ನಮ್ಮ ಪರವಾಗಿ ಜರ್ಮನ್ ಮಾತಾಡಿದರು. ಹೊಸದಾಗಿ ಬಂದ ಯಾವ ಕನ್ನಡದ ಹುಡುಗನಿಗೂ ಹುಡುಗಿಗೂ ಅವರು ಇಷ್ಟನ್ನು ಮಾಡುತ್ತಿದ್ದರು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಮುಂದೆ ನಡೆದದ್ದನ್ನು ಕೇಳಿ ಅವರನ್ನು ಕೆಟ್ಟವರೆಂದು ತೀರ್ಮಾನಿಸುವುದು ಸುಲಭ, ಮತ್ತು ಆ ಸುಲಭ ನನಗೆ ಇವತ್ತಿಗೂ ಒದಗಿಲ್ಲ.

ಅಣ್ಣನಿಗೆ ಒಂದು ಹುಚ್ಚಿತ್ತು. ಮನುಷ್ಯ ಯಾಕೆ ಹೀಗಿದ್ದಾನೆ ಎಂಬುದು. ಆಫೀಸಿನ ತರಬೇತಿಗಳಲ್ಲಿ ಕಲಿತದ್ದು, ಯೂಟ್ಯೂಬಿನಲ್ಲಿ ನೋಡಿದ್ದು, ಅಲ್ಲಿಲ್ಲಿ ಓದಿದ್ದು ಎಲ್ಲ ಸೇರಿಸಿ ಸ್ಲೈಡು ಮಾಡಿಕೊಂಡು, ಶನಿವಾರಗಳಂದು ಚರ್ಚಿಗೆ ಸೇರಿದ ಒಂದು ಸಣ್ಣ ಹಾಲಿನಲ್ಲಿ ಹೊಸಬರಿಗೆ ಕ್ಲಾಸು ತೆಗೆದುಕೊಳ್ಳುತ್ತಿದ್ದರು. ಊರು ಬಿಟ್ಟು ಬಂದ ಮಕ್ಕಳು, ಒಬ್ಬೊಬ್ಬರೇ ಒಂದೊಂದು ಕೋಣೆಯಲ್ಲಿ ಕೂತು ಮಂಕಾಗುತ್ತಾರೆ, ಅವರಿಗೆ ಧೈರ್ಯ ಬೇಕು ಎನ್ನುವುದು ಅವರ ಲೆಕ್ಕ. ಕ್ಲಾಸು ಮುಗಿದ ಮೇಲೆ ಚಿತ್ರಾನ್ನ, ಕಾಫಿ. ಹುಡುಗರು ಮೊದಮೊದಲು ಚಿತ್ರಾನ್ನಕ್ಕೆ ಬಂದು, ಆಮೇಲೆ ಅಣ್ಣನ ಮಾತಿಗೇ ಬರತೊಡಗಿದರು.

ಮಾತು ಚೆನ್ನಾಗಿಯೇ ಇರುತ್ತಿತ್ತು. ಇಲ್ಲಿ ಪ್ರತಿ ಅಪಾರ್ಟ್‌ಮೆಂಟಿಗೂ ನೆಲದಡಿಯಲ್ಲಿ ಕೆಲರ್ ಎಂಬ ಒಂದು ಕೋಣೆ ಇರುತ್ತದೆ. ಹಳೆ ಸೈಕಲ್ಲು, ಖಾಲಿ ಪೆಟ್ಟಿಗೆ, ಬೇಡದ್ದೆಲ್ಲ ಅಲ್ಲಿಗೆ. "ಮನಸ್ಸಿಗೂ ಒಂದು ಕೆಲರ್ ಉಂಟು," ಎನ್ನುತ್ತಿದ್ದರು ಅಣ್ಣ. "ಬೇಡದ್ದನ್ನೆಲ್ಲ ಅಲ್ಲಿ ಹಾಕಿ ಬೀಗ ಹಾಕ್ತೀರಿ. ಬೀಗ ಹಾಕಿದ್ರೆ ಒಳಗಿದ್ದದ್ದು ಸುಮ್ಮನೆ ಕೂರುದಿಲ್ಲ. ಕನಸಲ್ಲಿ ಬರ್ತದೆ, ಬಾಯಿ ತಪ್ಪಿ ಬರ್ತದೆ, ಹೆಂಡತಿ ಮೇಲೆ ಸಿಟ್ಟಾಗಿ ಬರ್ತದೆ." ಎಲ್ಲರೂ ನಗುತ್ತಿದ್ದರು. ಆಮೇಲೆ ಕೀಳರಿಮೆಯ ಸ್ಲೈಡು. ಆಮೇಲೆ 'ನಾನು ಯಾರು' ಎಂಬ ಗೊಂದಲದ್ದು, ಅದು ಊರು ಬಿಟ್ಟವರಿಗೆ ನೇರ ನಾಟುತ್ತಿತ್ತು. ಆಮೇಲೆ ಅನ್ನ, ಆಸರೆಯಿಂದ ಶುರುವಾಗಿ ಒಂದೊಂದೇ ಮೆಟ್ಟಿಲು ಏರುವ ಮನುಷ್ಯನ ಅಗತ್ಯಗಳ ಪಿರಮಿಡ್ಡು. ಆಮೇಲೆ, ಸುತ್ತಲಿನವರೆಲ್ಲ ತಪ್ಪು ಉತ್ತರ ಹೇಳಿದರೆ ಒಬ್ಬ ಮನುಷ್ಯ ತನ್ನ ಕಣ್ಣಿಗೆ ಕಂಡದ್ದನ್ನೇ ಬಿಟ್ಟು ಹೇಗೆ ಅವರ ಜೊತೆ ಸೇರುತ್ತಾನೆ ಎಂಬ ಗೆರೆಗಳ ಪರೀಕ್ಷೆ. ಕೊನೆಗೆ, ಎಂಥ ಕಷ್ಟದಲ್ಲೂ ಬದುಕಿಗೊಂದು ಅರ್ಥ ಕಂಡುಕೊಂಡವನು ತಾಳಿಕೊಳ್ಳುತ್ತಾನೆ ಎಂಬ ಮಾತು. ಯಾವ ಸ್ಲೈಡಿನಲ್ಲೂ ಯಾರ ಹೆಸರೂ ಇರುತ್ತಿರಲಿಲ್ಲ.

ನನಗೂ ಹೆಸರು ಬೇಕೆನಿಸಿರಲಿಲ್ಲ. ಈ ಮಾತುಗಳೆಲ್ಲ ನಾನು ಮೈಸೂರಿನ ನಮ್ಮ ಅಡುಗೆಮನೆಯಲ್ಲೇ ಕೇಳಿದ್ದೆ. ನಮ್ಮಮ್ಮ ವಾರಪತ್ರಿಕೆ ಬಂದ ಕೂಡಲೇ ಮೊದಲು ಓದುತ್ತಿದ್ದದ್ದು ಮನೋವೈದ್ಯರು ಓದುಗರ ಪ್ರಶ್ನೆಗೆ ಉತ್ತರ ಕೊಡುವ ಪುಟ. ಪಕ್ಕದ ಮನೆಯ ಹುಡುಗಿ ಯಾರೊಂದಿಗೂ ಬೆರೆಯದಿದ್ದರೆ, "ಅವಳಿಗೆ ಕೀಳರಿಮೆ ಕಣೇ, ಬೇರೇನಿಲ್ಲ" ಎನ್ನುತ್ತಿದ್ದರು. ಚಿಕ್ಕಪ್ಪ ಹೆಸರು ಕರೆಯುವಾಗ ಒಬ್ಬರ ಬದಲು ಇನ್ನೊಬ್ಬರ ಹೆಸರು ಬಾಯಿಗೆ ಬಂದರೆ, "ಒಳಮನಸ್ಸಲ್ಲಿದ್ದದ್ದು ಹೊರಗೆ ಬಂತು ನೋಡು" ಎಂದು ಕಣ್ಣು ಹೊಡೆಯುತ್ತಿದ್ದರು. ಒಗ್ಗರಣೆ ಹಾಕುತ್ತಾ ಆಡಿದ ಆ ಮಾತುಗಳು ಬೇಳೆ, ಸಾಸಿವೆಯಷ್ಟೇ ನಮ್ಮವು ಎಂದು ನಾನು ತಿಳಿದಿದ್ದೆ. ಅವುಗಳನ್ನು ಮೊದಲು ಆಡಿದ ಬಾಯಿ ಯಾವುದು ಎಂದು ಕೇಳಬೇಕೆಂದೇ ನನಗೆ ಹೊಳೆದಿರಲಿಲ್ಲ.

ನಮ್ಮ ಮೇಲಿನ ಮಹಡಿಯಲ್ಲಿ ವಯಸ್ಸಾದ ಜರ್ಮನ್ ಹೆಂಗಸೊಬ್ಬರು ಒಂಟಿಯಾಗಿದ್ದರು. ಮಗಳು ಅವರನ್ನು ಓಮಾ ಎನ್ನುತ್ತಿದ್ದಳು. ಇಲ್ಲಿ ಅಜ್ಜಿಗೆ ಹಾಗೆ ಹೇಳುತ್ತಾರೆ. ನಾವೂ ಹಾಗೇ ಕರೆಯತೊಡಗಿದೆವು. ಎತ್ತರದ ನೆಟ್ಟ ದೇಹ, ಕತ್ತರಿಸಿದ ಬಿಳಿ ಕೂದಲು, ಸದಾ ಬೂದು ಸ್ವೆಟರ್. ನಮಗೆ ಬಂದ ಸರ್ಕಾರಿ ಕಾಗದಗಳನ್ನು ಓದಿ ಅರ್ಥ ಹೇಳುತ್ತಿದ್ದರು. ನಾನು ಕಳಿಸಿದ ಬಿಸಿಬೇಳೆ ಬಾತನ್ನು ಖಾರಕ್ಕೆ ಕಣ್ಣೊರೆಸಿಕೊಳ್ಳುತ್ತಲೇ ಪೂರ್ತಿ ತಿನ್ನುತ್ತಿದ್ದರು. ಒಮ್ಮೆ ಮೆಟ್ಟಿಲಲ್ಲಿ ಸಿಕ್ಕಾಗ, ಶನಿವಾರ ಎಲ್ಲಿಗೆ ಹೊರಟಿರಿ ಎಂದು ಕೇಳಿದರು. ಮನುಷ್ಯನ ಮನಸ್ಸಿನ ಬಗ್ಗೆ ನಮ್ಮ ಕಡೆಯವರೊಬ್ಬರು ಪಾಠ ಮಾಡುತ್ತಾರೆ ಎಂದೆ. ಓಮಾನ ಮುಖ ಬೆಳಗಿತು. "ನಾನು ಬದುಕಿಡೀ ಅದನ್ನೇ ಅನುವಾದ ಮಾಡಿದವಳು. ಇಂಗ್ಲಿಷಿನಿಂದ ಜರ್ಮನ್‌ಗೆ, ಮನಶ್ಶಾಸ್ತ್ರದ ಪುಸ್ತಕಗಳು. ನಾನೂ ಬರಬಹುದೇ?"

ಅಣ್ಣನಿಗೆ ಹೇಳಿದೆ. ಅವರಿಗೆ ಖುಷಿಯೋ ಖುಷಿ. "ಕರ್ಕೊಂಡು ಬಾ ಮಾರಾಯ್ತಿ! ಸ್ಲೈಡೆಲ್ಲ ಇಂಗ್ಲಿಷಲ್ಲೇ ಉಂಟು, ಅವರಿಗೆ ತೊಂದರೆ ಇಲ್ಲ. ನಾನೂ ಆದಷ್ಟು ಇಂಗ್ಲಿಷಲ್ಲೇ ಮಾತಾಡ್ತೇನೆ."

ಆ ಶನಿವಾರ ಓಮಾ ತಮ್ಮ ಕಾರಿನಲ್ಲೇ ನಮ್ಮ ಚಿತ್ರಾನ್ನದ ಪಾತ್ರೆಯನ್ನೂ ನನ್ನನ್ನೂ ಕೂರಿಸಿಕೊಂಡು ಬಂದರು. ಹಾಲಿನಲ್ಲಿ ಇಪ್ಪತ್ತರ ಆಸುಪಾಸಿನಷ್ಟು ಜನ. ಓಮಾ ನನ್ನ ಪಕ್ಕ ಮೊದಲ ಸಾಲಿನಲ್ಲೇ ಕೂತರು. ಕೆಲರಿನ ಮಾತಿಗೆ ಜೋರಾಗಿ ನಕ್ಕರು. ಪಿರಮಿಡ್ಡಿನ ಸ್ಲೈಡು ಬಂದಾಗ ನನ್ನ ಕಿವಿಯಲ್ಲಿ, "ಚೆನ್ನಾಗಿ ಹೇಳುತ್ತಾರೆ ನಿಮ್ಮ ಅಣ್ಣ," ಎಂದರು. ಬದುಕಿನ ಅರ್ಥದ ಸ್ಲೈಡು ಮುಗಿಯುವಾಗ ಅವರ ಕಣ್ಣು ತೇವವಾಗಿತ್ತು. ಕರೆದುಕೊಂಡು ಬಂದದ್ದು ಒಳ್ಳೆಯದಾಯಿತು ಎಂದುಕೊಂಡೆ.

ಅಣ್ಣ ಅಂದು ಒಂದು ಹೊಸ ಸ್ಲೈಡು ಸೇರಿಸಿದ್ದರು. 'ಶಿಸ್ತು ಮತ್ತು ಪ್ರೇರಣೆ' ಎಂಬ ತಲೆಬರಹ. ಗುಂಡಿ ಒತ್ತಿದರು. ಗೋಡೆಯ ತುಂಬ ಆ ಮುಖ ಬಂತು. ಆ ತುಂಡು ಮೀಸೆ, ಮುಂದಕ್ಕೆ ಚಾಚಿದ ಆ ಕೈ, ಎದುರಿಗೆ ಕಣ್ಣು ಹಾಯುವವರೆಗೂ ಸಾಲುಗಟ್ಟಿ ನಿಂತ ಜನ. ಹೆಸರು ಬರೆಯುವುದಿಲ್ಲ, ಬರೆಯಬೇಕಾಗಿಯೂ ಇಲ್ಲ.

"ಇವ ಮಾಡಿದ್ದು ತಪ್ಪೇ, ಅದು ಬೇರೆ ವಿಷಯ," ಎಂದರು ಅಣ್ಣ. "ಆದ್ರೆ ಆ ಡಿಸಿಪ್ಲಿನ್ ನೋಡಿ. ಆ ಸ್ಪೀಚ್ ನೋಡಿ. ಬಿದ್ದ ದೇಶವನ್ನು ಹೇಗೆ ಎಬ್ಬಿಸಿ ನಿಲ್ಲಿಸಿದ! ಅದನ್ನು ಮಾತ್ರ ನಾವು ಕಲೀಬೇಕು. ನಮ್ಮ ಊರಿಗೂ ಇಂಥವ ಒಬ್ಬ ಬೇಕಿತ್ತು ಅಂತ ಒಮ್ಮೊಮ್ಮೆ ಅನಿಸುದುಂಟು."

ಹಿಂದಿನಿಂದ ಯಾರೋ, "ಕರೆಕ್ಟ್ ಗುರು," ಎಂದದ್ದು ಕೇಳಿಸಿತು.

ಈ ಮಾತು ಮೈಸೂರಿನಲ್ಲಿ ಎಷ್ಟು ಸಲ ಕಿವಿಗೆ ಬಿದ್ದಿದೆಯೋ. ಬಸ್ಸಿನಲ್ಲಿ, ಮದುವೆ ಮನೆಯಲ್ಲಿ, ಚುನಾವಣೆಯ ಮರುದಿನ. ನಮ್ಮ ಶಾಲೆಯ ಗಣಿತದ ಮೇಷ್ಟ್ರಿಗೆ ಮಕ್ಕಳು ಇಟ್ಟಿದ್ದ ಅಡ್ಡಹೆಸರೂ ಅವನದೇ. ಆದರೆ ಈ ದೇಶದಲ್ಲಿ, ಆ ಹಾಲಿನಲ್ಲಿ, ಓಮಾನ ಭುಜಕ್ಕೆ ಭುಜ ತಾಗಿ ಕೂತು ಕೇಳಿದಾಗ ಅವರ ಕಡೆ ತಿರುಗಲು ಧೈರ್ಯವಾಗಲಿಲ್ಲ. ಅವರ ಮೈ ಗಟ್ಟಿಯಾದದ್ದು ನನ್ನ ತೋಳಿಗೇ ಗೊತ್ತಾಯಿತು.

ಓಮಾ ಎದ್ದು ನಿಂತರು. ಪ್ರಶ್ನೆ ಕೇಳುತ್ತಾರೆ ಎಂದುಕೊಂಡು ಅಣ್ಣ ನಗುನಗುತ್ತಾ, "ಪ್ಲೀಸ್, ಪ್ಲೀಸ್," ಎಂದರು.

"ಹಿಂದಿನ ಚಿತ್ರಕ್ಕೆ ಹೋಗಿ," ಎಂದರು ಓಮಾ ಇಂಗ್ಲಿಷಿನಲ್ಲಿ. ಅಣ್ಣ ಗುಂಡಿ ಒತ್ತಿದರು. ಬದುಕಿನ ಅರ್ಥದ ಸ್ಲೈಡು.

"ಇದನ್ನು ಹೇಳಿದವನು ಯಹೂದಿ. ಸಾವಿನ ಶಿಬಿರಗಳಿಂದ ಬದುಕಿ ಬಂದವನು. ಅವನ ತಾಯಿ ಬರಲಿಲ್ಲ. ಹೆಂಡತಿ ಬರಲಿಲ್ಲ. ಇನ್ನೂ ಹಿಂದಕ್ಕೆ ಹೋಗಿ."

ಗೆರೆಗಳ ಪರೀಕ್ಷೆ.

"ಪೋಲೆಂಡಿನ ಯಹೂದಿ ಮನೆಯ ಮಗ. ಸಣ್ಣವನಿದ್ದಾಗಲೇ ಮನೆಯವರು ಅಮೆರಿಕಕ್ಕೆ ಹೋಗಿದ್ದರಿಂದ ಉಳಿದುಕೊಂಡ. ಇಷ್ಟೊಂದು ಜನ ಒಟ್ಟಿಗೆ ಸುಳ್ಳನ್ನು ಹೇಗೆ ಒಪ್ಪುತ್ತಾರೆ ಎಂದು ಅವನ ಕಾಲದವರು ಸುಮ್ಮನೆ ಕೇಳಲಿಲ್ಲ, ಕಂಡು ಕೇಳಿದರು. ಹಿಂದಕ್ಕೆ."

ಪಿರಮಿಡ್ಡು. "ಇವನ ಅಪ್ಪ ಅಮ್ಮ ರಷ್ಯಾ ಕಡೆಯಿಂದ ಓಡಿಹೋದ ಯಹೂದಿಗಳು. ಹಿಂದಕ್ಕೆ." 'ನಾನು ಯಾರು.' "ಇವನು ಇಲ್ಲೇ, ಫ್ರಾಂಕ್‌ಫರ್ಟಿನಲ್ಲೇ ಹುಟ್ಟಿದವನು. ಯಹೂದಿ ತಾಯಿಯ ಮಗ. ಯುರೋಪನ್ನೇ ಬಿಟ್ಟು ಹೋಗಬೇಕಾಯಿತು." ಕೀಳರಿಮೆ. "ಇವನು ಕ್ರೈಸ್ತನಾಗಿದ್ದ. ಆದರೂ ಯಹೂದಿ ಹುಟ್ಟು ನೋಡಿ ಅವನ ಚಿಕಿತ್ಸಾಲಯಗಳನ್ನು ಮುಚ್ಚಿಸಿದರು." ಕೊನೆಗೆ ಕೆಲರಿನ ಚಿತ್ರ. "ಈ ಯಹೂದಿ ವೈದ್ಯ ಮುದಿವಯಸ್ಸಿನಲ್ಲಿ, ಬಾಯಲ್ಲಿ ಕ್ಯಾನ್ಸರ್ ಇಟ್ಟುಕೊಂಡು ದೇಶ ಬಿಟ್ಟ. ತಂಗಿಯರು ಹಿಂದೆ ಉಳಿದರು. ಅವರನ್ನು ಕೊಂದರು."

"ಈಗ ನಿಮ್ಮ ಕೊನೆಯ ಚಿತ್ರ ಹಾಕಿ," ಎಂದರು ಓಮಾ. ಅಣ್ಣ ಹಾಕಲಿಲ್ಲ. ಬೆರಳು ಗುಂಡಿಯ ಮೇಲೆಯೇ ಇತ್ತು.

"ಬೇಡ. ನೆನಪಿದೆಯಲ್ಲ, ಸಾಕು. ಮನುಷ್ಯ ಅಂದರೆ ಏನು ಎಂದು ಈ ಮಕ್ಕಳಿಗೆ ಹೇಳಲು ನೀವು ಯಾರ್‍ಯಾರನ್ನು ಕರೆತಂದಿರೋ, ಕೈಗೆ ಸಿಕ್ಕಿದ್ದರೆ ಅವರಲ್ಲಿ ಒಬ್ಬರನ್ನೂ ಆತ ಬದುಕಗೊಡುತ್ತಿರಲಿಲ್ಲ. ಅವರ ಕೊನೆಗೆ ಅವನನ್ನೇ ತಂದು ನಿಲ್ಲಿಸಿದಿರಿ."

ಕೋಟು ತೆಗೆದುಕೊಂಡು ಹೊರಗೆ ನಡೆದರು. ನಾನು ಹಿಂದೆಯೇ ಓಡಿದೆ. ಬಾಗಿಲು ದಾಟುವಾಗ, ಹುಡುಗಿಯೊಬ್ಬಳು ಸಣ್ಣ ದನಿಯಲ್ಲಿ, "ಅಣ್ಣಾ, ಎಲ್ಲಾರೂ ಯಹೂದಿಗಳಾ? ನಿಮಗೆ ಗೊತ್ತಿತ್ತಾ?" ಎಂದು ಕೇಳಿದ್ದು, ಅಣ್ಣ, "ನಂಗೆ ಗೊತ್ತಿರಲಿಲ್ಲ ಮಾರಾಯ್ತಿ," ಎಂದದ್ದು ಕೇಳಿಸಿತು. ಅದು ನಿಜವೇ ಇರಬೇಕು. ಅವರ ದನಿ ಕುಸಿದಿತ್ತು.

ಕಾರಿನಲ್ಲಿ ಓಮಾ ಕೀಲಿಯನ್ನು ಮಡಿಲಲ್ಲೇ ಇಟ್ಟುಕೊಂಡು ಕೂತರು. "ನಿಮ್ಮ ಜನರ ಮುಂದೆ ನಿಮಗೆ ಅವಮಾನ ಮಾಡಿದೆ," ಎಂದರು. ಇಲ್ಲ ಎಂದೆ. ನನಗೆ ಅವಮಾನಕ್ಕಿಂತ ಹೆಚ್ಚಾಗಿ ತಲೆ ತಿರುಗಿದಂತಾಗಿತ್ತು. ಅಮ್ಮ ಒಗ್ಗರಣೆ ಹಾಕುತ್ತಾ ಆಡಿದ ಕೀಳರಿಮೆ ಎಂಬ ಮಾತು, ಒಳಮನಸ್ಸು ಎಂಬ ಮಾತು, ಈ ನೆಲದ ಆಸುಪಾಸಿನಿಂದ ಜೀವ ಉಳಿಸಿಕೊಳ್ಳಲು ಓಡಿದವರ ಮಾತು. ಅದು ಎಲ್ಲೆಲ್ಲೋ ಸುತ್ತಿ ಮೈಸೂರಿಗೆ ಬಂದಿತ್ತು, ನನ್ನ ಜೊತೆ ಮತ್ತೆ ಇಲ್ಲಿಗೇ ಬಂದಿತ್ತು, ಮತ್ತು ಅದರ ಬಗ್ಗೆ ನನಗೆ ಏನೆಂದರೆ ಏನೂ ಗೊತ್ತಿರಲಿಲ್ಲ.

ಮರುದಿನ ಮಧ್ಯಾಹ್ನ ಓಮಾ ಕಾಫಿಗೆ ಕರೆದರು. ನನ್ನ ಬಾಯಲ್ಲಿ ಕಟ್ಟಿಕೊಂಡಿದ್ದ ಪ್ರಶ್ನೆ ಮೊದಲೇ ಬಂದುಬಿಟ್ಟಿತು. "ನೀವು ಯಹೂದಿಯಾ?"

"ಅಲ್ಲ," ಎಂದರು. "ನಾನು ಇನ್ನೊಂದು ಕಡೆಯವಳು."

ಅವರ ಅಪ್ಪ ಡಾಕ್ಟರು. ಆ ಮೀಸೆಯವನ ಆಳ್ವಿಕೆ ಶುರುವಾದಾಗ ಫ್ರಾಂಕ್‌ಫರ್ಟಿನ ಒಂದು ಆಸ್ಪತ್ರೆಯ ಮನೋರೋಗ ವಿಭಾಗದಲ್ಲಿ ಕಿರಿಯ ವೈದ್ಯರು. ಅವರಿಗೆ ಕಲಿಸಿದ ಹಿರಿಯ ವೈದ್ಯರು ಯಹೂದಿ. ಒಂದು ವಸಂತದಲ್ಲಿ ಅವರನ್ನು ಕೆಲಸದಿಂದ ತೆಗೆದರು. ಅವರ ಜಾಗಕ್ಕೆ ಓಮಾನ ಅಪ್ಪ ಬಂದರು. ಇದು ಓಮಾನಿಗೆ ತಿಳಿದದ್ದು ಯುದ್ಧ ಮುಗಿದು ಎಷ್ಟೋ ವರ್ಷದ ಮೇಲೆ, ಅವರು ಶಾಲೆಗೆ ಹೋಗುತ್ತಿದ್ದಾಗ, ಒಂದು ಭಾನುವಾರದ ಊಟದಲ್ಲಿ.

"ಅಪ್ಪ ಅದನ್ನು ಗುಟ್ಟು ಅಂತಲೂ ಹೇಳಲಿಲ್ಲ, ಪಶ್ಚಾತ್ತಾಪ ಅಂತಲೂ ಹೇಳಲಿಲ್ಲ," ಎಂದರು ಓಮಾ. "'ಅವರು ಹೋದರು, ಅವರ ಕೋಣೆ ನನಗೆ ಸಿಕ್ಕಿತು. ಒಳ್ಳೆಯ ಬೆಳಕಿನ ಕೋಣೆ' ಎಂದರು. ಅವರು ಎಲ್ಲಿಗೆ ಹೋದರು ಅಪ್ಪಾ ಎಂದು ಕೇಳಿದೆ. 'ಗೊತ್ತಿಲ್ಲ. ಆ ಆಲೂಗಡ್ಡೆ ಈಚೆ ಕೊಡು' ಎಂದರು."

ನನ್ನ ಕೈಯಲ್ಲಿದ್ದ ಕಪ್ಪನ್ನು ಕೆಳಗಿಟ್ಟೆ. ನಾನು ಕತೆಗಳಲ್ಲಿ ಓದಿದ್ದ ಕೇಡಿಗೆ ಬೂಟು, ಬಂದೂಕು ಇರುತ್ತಿದ್ದವು. ಆಲೂಗಡ್ಡೆ ಕೇಳುವ ಅಪ್ಪ ಇರುತ್ತಿರಲಿಲ್ಲ.

ಆ ಹಿರಿಯ ವೈದ್ಯರು ಎಲ್ಲಿಗೂ ಹೋಗಿರಲಿಲ್ಲ ಎಂದು ಓಮಾ ದೊಡ್ಡವರಾದ ಮೇಲೆ ಹುಡುಕಿ ತಿಳಿದುಕೊಂಡರು. ಗಂಡ ಹೆಂಡತಿ ಅದೇ ಊರಿನಲ್ಲಿದ್ದರು, ಅವರನ್ನು ಶಿಬಿರಕ್ಕೆ ಸಾಗಿಸುವವರೆಗೂ. ಆಮೇಲೆ ಓಮಾ ಅನುವಾದದ ಕೆಲಸ ಹಿಡಿದರು. "ಎಷ್ಟೋ ಪುಸ್ತಕಗಳನ್ನು ಬರೆದವರ ಮಾತೃಭಾಷೆ ಜರ್ಮನ್ನೇ. ಇಲ್ಲಿಂದ ಓಡಿಸಿದ ಮೇಲೆ ಇಂಗ್ಲಿಷಿನಲ್ಲಿ ಬರೆದರು. ನಾನು ಅದನ್ನು ಮತ್ತೆ ಜರ್ಮನ್‌ಗೆ ತಂದೆ. ಇಲ್ಲಿಯವರು ಅದನ್ನು ಅಮೆರಿಕದ ಹೊಸ ವಿಚಾರ ಎಂದು ಕೊಂಡು ಓದಿದರು." ಹೇಳುವಾಗ ಓಮಾ ನಕ್ಕರೋ ಏನೋ, ಬಾಯಿ ಮಾತ್ರ ಅಲುಗಿತು.

ಯಹೂದಿಗಳಲ್ಲೇ ಇಷ್ಟೊಂದು ಜನ ಈ ಕೆಲಸಕ್ಕೆ ಯಾಕೆ ಬಂದರು ಎಂದು ಕೇಳಿದೆ. "ವಿಶ್ವವಿದ್ಯಾಲಯದ ಬೇರೆ ವಿಭಾಗಗಳಲ್ಲಿ ಅವರಿಗೆ ಕುರ್ಚಿ ಕೊಡುತ್ತಿರಲಿಲ್ಲ. ಇದು ಹೊಸ ವಿದ್ಯೆ, ಬಾಗಿಲಲ್ಲಿ ಕಾವಲಿನವನಿರಲಿಲ್ಲ. ಅದು ಒಂದು ಕಾರಣ. ಇನ್ನೊಂದು, ಯಾರನ್ನು ಯಾವಾಗಲೂ ಹೊಸ್ತಿಲಲ್ಲೇ ನಿಲ್ಲಿಸುತ್ತಾರೋ ಅವರು ಒಳಗಿರುವವರನ್ನು ಗಮನಿಸಿ ನೋಡುತ್ತಾರೆ. ನಿಮಗೆ ಅದು ಗೊತ್ತಿರಬೇಕು." ನನಗೆ ಗೊತ್ತಿತ್ತು. ಆಫೀಸಿನ ಊಟದ ಮೇಜಿನಲ್ಲಿ ನಾನು ಅದನ್ನೇ ಮಾಡುತ್ತಿದ್ದೆ. "ಆದರೆ ಅವರನ್ನು ದೇವರು ಮಾಡಬೇಡಿ," ಎಂದು ಓಮಾ ತಕ್ಷಣ ಸೇರಿಸಿದರು. "ಒಬ್ಬ, ಮನುಷ್ಯ ಆಸೆಯಿಂದ ನಡೆಯುತ್ತಾನೆ ಎಂದ. ಇನ್ನೊಬ್ಬ ಅಲ್ಲ, ಅಧಿಕಾರಕ್ಕಾಗಿ ಎಂದ. ಮತ್ತೊಬ್ಬ ಅಲ್ಲವೇ ಅಲ್ಲ, ಅರ್ಥಕ್ಕಾಗಿ ಎಂದ. ಜೀವನಪೂರ್ತಿ ಜಗಳವಾಡಿದರು. ಎಷ್ಟೋ ಕಡೆ ತಪ್ಪಿದರು. ಹೆಂಗಸರ ಬಗ್ಗೆ ಬರೆದದ್ದನ್ನು ಅನುವಾದ ಮಾಡುವಾಗ ನನಗೆ ಪೆನ್ನು ಎಸೆಯುವಷ್ಟು ಸಿಟ್ಟು ಬರುತ್ತಿತ್ತು."

ಒಂದು ವಾರದಷ್ಟು ಅಣ್ಣನ ಸುದ್ದಿಯಿಲ್ಲ. ಅವರಿಗೆ ನಾಚಿಕೆಯಾಗಿದೆ, ಸುಧಾರಿಸಿಕೊಳ್ಳಲಿ ಎಂದು ನಾನೂ ಸುಮ್ಮನಿದ್ದೆ. ಆಮೇಲೆ ಅವರೇ ಫೋನ್ ಮಾಡಿದರು. ನಾನು ಎಸ್-ಬಾನ್ ಸ್ಟೇಷನ್ನಿನಲ್ಲಿ ಆಫೀಸಿಗೆ ಹೋಗುವ ರೈಲಿಗೆ ಕಾಯುತ್ತಿದ್ದೆ.

"ನಿನ್ನ ಅಜ್ಜಿ ಎಲ್ಲರ ಮುಂದೆ ನನ್ನ ಮರ್ಯಾದೆ ತೆಗೆದ್ರು. ಇರ್ಲಿ. ಆದ್ರೆ ಒಂದು ಒಳ್ಳೆದಾಯ್ತು. ನಾನು ಕೂತು ಎಲ್ಲ ಹುಡುಕಿದೆ. ಅವರು ಹೇಳಿದ್ದು ನಿಜ, ಎಲ್ಲ ಯಹೂದಿಗಳೇ." ನನಗೆ ಸಮಾಧಾನವಾಗುವುದರಲ್ಲಿತ್ತು. "ನಿಂಗೆ ಡೌಟು ಬರುದಿಲ್ವಾ ತಂಗಿ? ಮನುಷ್ಯನ ತಲೆಯೊಳಗೆ ಎಂತ ಉಂಟು ಅಂತ ಇಡೀ ಜಗತ್ತಿಗೆ ಹೇಳಿಕೊಟ್ಟದ್ದು ಅವರೇ ಯಾಕೆ? ಅಪ್ಪ ಅಮ್ಮನ ಮೇಲೆ ಸಿಟ್ಟು, ನಾನು ನಾನು ಅನ್ನುದು, ಮನೆ ಮುರಿಯುದು, ಇದೆಲ್ಲ ಎಲ್ಲಿಂದ ಬಂತು? ಇದ್ರ ಹಿಂದೆ ಒಂದು ಪ್ಲಾನು ಉಂಟು. ಒಂದು ಮೆಸೇಜ್ ಕಳಿಸ್ತೇನೆ, ಓದು."

ಮಾತಾಡುತ್ತಿರುವಾಗಲೇ ಮೆಸೇಜ್ ಬಂತು. ಯಾರೋ ಯಾರಿಗೋ ಕಳಿಸಿ ಸಾವಿರ ಕೈ ದಾಟಿ ಬಂದ, ದಪ್ಪ ಅಕ್ಷರದ, ಬೆಂಕಿಯ ಚಿತ್ರಗಳ ಮೆಸೇಜ್. ಅದರಲ್ಲಿದ್ದದ್ದನ್ನು ಇಲ್ಲಿ ಬರೆಯಲಾರೆ. ನನ್ನ ರೈಲು ಬಂದು ಬಾಗಿಲು ತೆರೆದು ಮುಚ್ಚಿ ಹೋಯಿತು. ನಾನು ಹತ್ತಲಿಲ್ಲ.

"ಅಣ್ಣ, ಹೋದ ಶನಿವಾರ ಇದನ್ನೇ ನೀವು ಸತ್ಯ ಅಂತ ಹೇಳ್ಕೊಡ್ತಿದ್ರಲ್ಲ," ಎಂದೆ.

"ಆಗ ನಂಗೆ ಗೊತ್ತಿರಲಿಲ್ಲ."

"ಏನು ಗೊತ್ತಿರಲಿಲ್ಲ?"

"ಯಾರು ಹೇಳಿದ್ದು ಅಂತ."

"ಯಾರು ಅಂತ ಗೊತ್ತಾದ ತಕ್ಷಣ ಹೇಳಿದ್ದು ಸುಳ್ಳಾಗಿಹೋಯ್ತಾ? ಅವರವರಲ್ಲೇ ಒಬ್ಬರ ಮಾತು ಒಬ್ಬರು ಒಪ್ಪಿದವರಲ್ಲವಂತೆ ಅಣ್ಣ. ಪ್ಲಾನು ಮಾಡೋರು ಹಾಗೆ ಕಿತ್ತಾಡ್ತಾರಾ?"

"ನೀನು ಆ ಅಜ್ಜಿ ಮಾತು ಕೇಳಿ ಹಾಳಾದೆ," ಎಂದು ಅಣ್ಣ ಫೋನ್ ಇಟ್ಟರು.

ಪ್ಲಾಟ್‌ಫಾರಂನ ಬೆಂಚಿನ ಮೇಲೆ ಕೂತೆ. ಹಾಲಿನಲ್ಲಿ ಆದ ಆಘಾತ ಏನೂ ಅಲ್ಲ ಅನಿಸಿತು. ಅಲ್ಲಿ ಅವರು ತಿಳಿಯದೆ ಆಡಿದ್ದರು. ತಿಳಿದರೆ ಸರಿಹೋಗುತ್ತಾರೆ ಎಂದು ನಾನು ನಂಬಿದ್ದೆ. ತಿಳಿದ ಮೇಲೆ ಹೀಗೆ ಆದದ್ದು ನನ್ನನ್ನು ಅಲ್ಲಾಡಿಸಿಬಿಟ್ಟಿತು. ಚಳಿಯಲ್ಲಿ ನನ್ನ ಮಗಳಿಗೆ ತನ್ನ ಮಫ್ಲರ್ ಸುತ್ತಿದ ಮನುಷ್ಯ, ಕಂಡೇ ಇರದ ಜನರ ಬಗ್ಗೆ ಒಂದು ವಾರದಲ್ಲಿ ಇಷ್ಟು ದ್ವೇಷ ಎಲ್ಲಿಂದ ತಂದರು? ಗಂಡನಿಗೆ ಮೆಸೇಜ್ ತೋರಿಸಿದೆ. ಓದಿ, "ಇದನ್ನ ಅಣ್ಣ ಕಳಿಸಿದ್ರಾ? ಅಣ್ಣನಾ?" ಎಂದು ಎರಡು ಸಲ ಕೇಳಿದ. ಓಮಾನಿಗೆ ತೋರಿಸಲಿಲ್ಲ.

ಶನಿವಾರದ ಕ್ಲಾಸಿಗೆ ನಾವು ಹೋಗುವುದನ್ನು ಬಿಟ್ಟೆವು. ಒಬ್ಬೊಬ್ಬರಾಗಿ ಇನ್ನೂ ಕೆಲವರು ಬಿಟ್ಟರು. ಆಮೇಲೆ ಒಂದು ದಿನ ಅಣ್ಣನ ಹೆಂಡತಿ, ನಾನು ಅತ್ತಿಗೆ ಎನ್ನುತ್ತಿದ್ದವರು, ಫೋನ್ ಮಾಡಿ ಅತ್ತರು. ಅಣ್ಣ ತಮ್ಮ ಕಂಪನಿಯಲ್ಲಿ ಹೊಸದಾಗಿ ಸೇರಿದವರಿಗೆ ತರಬೇತಿ ಕೊಡಲು ಹೋಗಿದ್ದರು. ಹಳೆಯ ಸ್ಲೈಡುಗಳನ್ನೆಲ್ಲ ಕಿತ್ತುಹಾಕಿ ಬೇರೆ ಮಾಡಿಕೊಂಡಿದ್ದರಂತೆ. ಆ ಒಂದು ಸ್ಲೈಡು ಮಾತ್ರ ಉಳಿದಿತ್ತು, ಆ ಮುಖದ್ದು. ತೆಗೆಯಲು ಮರೆತೆ ಎನ್ನುತ್ತಾರೆ ಎಂದರು ಅತ್ತಿಗೆ. ಗೋಡೆಯ ಮೇಲೆ ಅದು ಬಂದ ಕೂಡಲೇ ಇಬ್ಬರು ಎದ್ದು ಹೊರಗೆ ಹೋದರು. ಮರುದಿನದಿಂದ ಅಣ್ಣ ಕೆಲಸಕ್ಕೆ ಬರಬಾರದು ಎಂದಾಯಿತು. ಖಾಯಂ ವಾಸದ ಅರ್ಜಿ ಇನ್ನೂ ಕಚೇರಿಯಲ್ಲೇ ಕೂತಿತ್ತು. ಅವರ ಬ್ಲೂ ಕಾರ್ಡು ಆ ಕೆಲಸಕ್ಕೇ ಅಂಟಿಕೊಂಡಿತ್ತು, ಗಡುವಿನೊಳಗೆ ಬೇರೆ ಕೆಲಸ ಸಿಗದಿದ್ದರೆ ದೇಶ ಬಿಡಬೇಕು. "ಯಾರ ಹತ್ರವೂ ಮಾತಾಡುದಿಲ್ಲ. ಗೋಡೆ ನೋಡಿಕೊಂಡು ಕೂರ್ತಾರೆ. ನೀನಾದ್ರೂ ಬಾ," ಎಂದರು.

ಮರೆತದ್ದು ನಿಜವೋ, ಬೇಕೆಂದೇ ಬಿಟ್ಟದ್ದೋ, ನನಗೆ ಇಂದಿಗೂ ತಿಳಿಯದು. ಹೋದೆ. ಅಣ್ಣ ಗಡ್ಡ ಬಿಟ್ಟು ಸೋಫಾದ ಮೂಲೆಯಲ್ಲಿ ಕೂತಿದ್ದರು. "ಎಂತ ಮಾಡುದು ಮಾರಾಯ್ತಿ? ಒಂದು ಫೋಟೋಕ್ಕೆ ಇಷ್ಟೆಲ್ಲ ಉಂಟಾ?" ಎಂದರು. ಸಿಟ್ಟಿರಲಿಲ್ಲ. ನಿಜವಾಗಿಯೂ ಅರ್ಥವಾಗದವರ ಹಾಗೆ ಕೇಳಿದರು.

ಮನೆಗೆ ಬಂದು ಓಮಾನಿಗೆ ಕೆಲಸ ಹೋದದ್ದನ್ನೂ ಅಣ್ಣ ಕೇಳಿದ್ದನ್ನೂ ಹೇಳಿದೆ. ಅವರು ಸಂತೋಷಪಡಲಿಲ್ಲ. "ಅವರು ಕೇಳಿದ ಪ್ರಶ್ನೆಯನ್ನು ಮತ್ತೊಮ್ಮೆ ಹೇಳಿ," ಎಂದರು. ಹೇಳಿದೆ. "ಅವರಿಗೆ ಮನಸ್ಸಿದ್ದರೆ ಒಂದು ಕಡೆ ಕರೆದುಕೊಂಡು ಹೋಗುತ್ತೇನೆ. ನೀವೂ ಬನ್ನಿ. ನಾವಿಬ್ಬರೇ ಆದರೆ ನಮಗೆ ಮಾತು ಸಾಲುವುದಿಲ್ಲ."

ಅಣ್ಣ ಒಪ್ಪಲಾರರು ಎಂದುಕೊಂಡಿದ್ದೆ. ಒಪ್ಪಿದರು. ಬೇರೇನೂ ಕೆಲಸವಿರಲಿಲ್ಲ, ಅದಕ್ಕೂ ಇರಬಹುದು.

ಮೂವರೂ ಫ್ರಾಂಕ್‌ಫರ್ಟಿನ ವೆಸ್ಟ್‌ಎಂಡ್ ಬಡಾವಣೆಯಲ್ಲಿ ಇಳಿದು ನಡೆದೆವು. ಹಳೆಯ ಎತ್ತರದ ಮನೆಗಳ, ಚೆಸ್ಟ್‌ನಟ್ ಮರಗಳ ಬೀದಿ. ಮಧ್ಯಾಹ್ನದ ಬಿಸಿಲು. ಅಣ್ಣ ತಮ್ಮ ವೀಸಾದ ಕಷ್ಟವನ್ನು ನನಗೆ ಕನ್ನಡದಲ್ಲಿ ಹೇಳುತ್ತಾ ಬರುತ್ತಿದ್ದರು. ಒಂದು ಮನೆಯ ಮುಂದೆ ಓಮಾ ನಿಂತು, ಏನೂ ಹೇಳದೆ ಅಣ್ಣನ ಪಾದದ ಕಡೆ ನೋಡಿದರು. ಅಣ್ಣನ ಬೂಟಿನ ಅಡಿಯಲ್ಲಿ, ಕಾಲುದಾರಿಯ ಕಲ್ಲುಗಳ ನಡುವೆ, ಅಂಗೈಯಗಲದ ಹಿತ್ತಾಳೆಯ ಎರಡು ಚೌಕಗಳು. ಇಂಥವು ಈ ದೇಶದ ಬೀದಿಬೀದಿಯಲ್ಲಿವೆ. ಇಲ್ಲಿ ಇವರು ವಾಸವಾಗಿದ್ದರು, ಇಂಥ ವರ್ಷ ಇವರನ್ನು ಸಾಗಿಸಿದರು, ಇಂಥಲ್ಲಿ ಕೊಂದರು ಎಂದು ಕೆತ್ತಿರುತ್ತಾರೆ.

"ಇದು ನನ್ನ ಅಪ್ಪನಿಗೆ ಕಲಿಸಿದವರದು. ಪಕ್ಕದ್ದು ಅವರ ಹೆಂಡತಿಯದು," ಎಂದರು ಓಮಾ. ಊಟದ ಮೇಜಿನ ಮಾತನ್ನು ಅಣ್ಣನಿಗೂ ಹೇಳಿದರು, ನನಗೆ ಹೇಳಿದ ಹಾಗೆಯೇ, ಆಲೂಗಡ್ಡೆಯನ್ನೂ ಬಿಡದೆ.

ಅಣ್ಣ ಕೆಂಡ ತುಳಿದವರ ಹಾಗೆ ಕಾಲು ತೆಗೆದರು. ಕಾಲುದಾರಿಯನ್ನೇ ಬಿಟ್ಟು ರಸ್ತೆಗೆ ಇಳಿದರು.

"ಹೆಸರು ಬರೆದದ್ದರ ಮೇಲೆ ಕಾಲಿಟ್ಟೆನಲ್ಲ ಮಾರಾಯ್ತಿ," ಎಂದರು ನನಗೆ. "ಅಕ್ಷರ ಉಂಟು ಅದ್ರಲ್ಲಿ. ಇವರಿಗೆ ಸಮಾಧಿ ಇಲ್ವಾ?"

ನಾನು ಇಂಗ್ಲಿಷಿಗೆ ತಿರುಗಿಸಿ ಓಮಾನನ್ನು ಕೇಳಿದೆ. ಇಲ್ಲ ಎಂದು ಓಮಾ ತಲೆಯಾಡಿಸಿದರು.

ಅಣ್ಣ ಕುಕ್ಕರಗಾಲಿನಲ್ಲಿ ಕೂತರು. ಪುಸ್ತಕಕ್ಕೆ ಕಾಲು ತಾಗಿದರೆ ನಾವು ಮಾಡುವ ಹಾಗೆ, ಒಂದು ಚೌಕವನ್ನು ಬೆರಳಿನಿಂದ ಮುಟ್ಟಿ ಕಣ್ಣಿಗೊತ್ತಿಕೊಂಡರು. ಆಮೇಲೆ ಇನ್ನೊಂದನ್ನು. ಏಳಲಿಲ್ಲ, ಹಾಗೇ ಕೂತು ಅಕ್ಷರಗಳನ್ನು ಒಂದೊಂದಾಗಿ ಓದತೊಡಗಿದರು. ನಾಯಿ ಹಿಡಿದುಕೊಂಡು ಬಂದ ಹೆಂಗಸೊಬ್ಬಳು ಅವರನ್ನು ಸುತ್ತಿಕೊಂಡು ಹೋದಳು.

"ಏನು ಮಾಡುತ್ತಿದ್ದಾರೆ?" ಎಂದು ಓಮಾ ಪಿಸುಗುಟ್ಟಿದರು. ಹೇಳಿದೆ. ಅವರು ಆ ಮನೆಯ ಮೆಟ್ಟಿಲ ಮೇಲೆ ಕೂತುಬಿಟ್ಟರು. ನಾನು ಯಾರ ಪಕ್ಕ ಹೋಗಬೇಕೋ ತಿಳಿಯದೆ ನಡುವೆ ನಿಂತಿದ್ದೆ.

ಅಂದು ಅಣ್ಣ ಓಮಾನಿಗೆ ಹೇಳಿದ್ದು ಒಂದೇ ಮಾತು. "ನಾನು ಅವನ ಫೋಟೋ ಮಾತ್ರ ನೋಡಿದ್ದು. ಇದನ್ನು ನೋಡಿರಲಿಲ್ಲ." ಓಮಾ ಅದಕ್ಕೆ ಪರವಾಗಿಲ್ಲ ಎನ್ನಲಿಲ್ಲ. "ಈಗ ನೋಡಿದಿರಿ," ಎಂದರು, ಅಷ್ಟೆ.

ಕಾರ್ಡಿನ ಗಡುವು ಮುಗಿಯುವ ಮೊದಲು ಅಣ್ಣನಿಗೆ ಹರ್ಟ್ಸೋಗೆನಾವ್‌ರಾಕ್ ಎಂಬ ದೂರದ ಊರಿನಲ್ಲಿ ಕೆಲಸ ಸಿಕ್ಕಿತು. ಮನೆ ಖಾಲಿ ಮಾಡುವ ದಿನ ನಾವು ಪೆಟ್ಟಿಗೆ ಎತ್ತಿಕೊಟ್ಟೆವು. ಆ ಮೆಸೇಜಿನ ಮಾತು ಅವರು ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಅದು ನನ್ನ ಫೋನಿನಲ್ಲಿ ಹಾಗೇ ಇತ್ತು. ಅಳಿಸಬೇಕು ಎಂದುಕೊಳ್ಳುತ್ತಿದ್ದೆ, ಅಳಿಸಿದರೆ ಅವರು ಕಳಿಸಲೇ ಇಲ್ಲ ಎಂದು ನಾನೇ ನಂಬಿಬಿಡುತ್ತೇನೇನೋ ಎಂದು ಬಿಡುತ್ತಿದ್ದೆ. ಅಣ್ಣ ಹೇಳಿಹೋಗಲು ನಮ್ಮ ಮನೆಗೆ ಬಂದಾಗ ಓಮಾ ಕೆಳಗೆ ಬಂದು ಅವರ ಕೈ ಕುಲುಕಿದರು. ಇಬ್ಬರೂ ಬಹಳ ಹೊತ್ತು ಕೈ ಬಿಡಲಿಲ್ಲ. ಸ್ನೇಹಿತರಾದರು ಎಂದು ಹೇಳಲಾರೆ.

ಆ ಚಳಿಗಾಲ ಅಣ್ಣನ ಫೋನ್ ಬಂತು. ನನ್ನ ಮಗಳ ಶಾಲೆ, ಅವರ ಹೊಸ ಊರಿನ ಹಿಮ, ತೆಂಗಿನಕಾಯಿ ಸಿಗುವ ಅಂಗಡಿ, ಎಲ್ಲ ಮಾತಾಡಿದ ಮೇಲೆ ದನಿ ತಗ್ಗಿಸಿದರು. ಕೆಲಸ ಹೋದಂದಿನಿಂದ ನಿದ್ರೆಯೇ ಹತ್ತುತ್ತಿರಲಿಲ್ಲವಂತೆ.

"ಇಲ್ಲಿ ಒಬ್ಬರು ಡಾಕ್ಟರ ಹತ್ರ ಹೋಗ್ತಾ ಇದ್ದೇನೆ ತಂಗಿ. ಮದ್ದು ಎಂತದೂ ಇಲ್ಲ. ಕೂತು ಮಾತಾಡುದು. ಸಣ್ಣವನಿದ್ದಾಗಿನದ್ದು, ಅಪ್ಪನದ್ದು, ಎಲ್ಲ. ನಾನು ಮಾತಾಡುದು, ಅವರು ಕೇಳುದು."

"ಹೇಗನ್ಸುತ್ತೆ ಅಣ್ಣ?"

"ಸ್ವಲ್ಪ ನಿದ್ರೆ ಬರ್ತಾ ಉಂಟು," ಎಂದರು. ಆಮೇಲೆ, "ಇದನ್ನು ಶುರು ಮಾಡಿದ್ದು ಯಾರು ಅಂತ ನಂಗೆ ಗೊತ್ತುಂಟು, ಆ ಕೆಲರ್ ಸ್ಲೈಡಿನ ಡಾಕ್ಟರೇ. ನಿನ್ನ ಅತ್ತಿಗೆಗೆ ಮಾತ್ರ ಹೇಳಬೇಡ, ನಾನು ಹೋಗುದು," ಎಂದರು.

ಹೇಳುವುದಿಲ್ಲ ಎಂದೆ.